ಲಾಂಚ್ ಇದೆಯಾ, ಇಲ್ವಾ

ಮಾರ್ಚ್ ೩, ಸೋಮವಾರ

ಫೋನು ಒಂಬತ್ತು ಸಲ ರಿಂಗಾಯಿತು. ನಾನು ಮೂರು ಸಲ ಎತ್ತಿದೆ. ಅದರಲ್ಲಿ ಒಂದು ಸಲ ಎತ್ತುವಷ್ಟರಲ್ಲಿ ಆ ಕಡೆಯವರು ಇಟ್ಟುಬಿಟ್ಟಿದ್ದರು. ಮೂರರಲ್ಲಿ ಚೆನ್ನಾಗಿ ಆದದ್ದು ಅದೊಂದೇ.

ಫೋನ್ ಎತ್ತುವುದಕ್ಕೆಂದೇ ನನ್ನನ್ನು ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ಮೇಡಂ ಆಫೀಸಿನ ಪರದೆ ಹೊಲಿಸಲು ಚಿಕ್ಕಮ್ಮನ ಅಂಗಡಿಗೆ ಬಂದಿದ್ದರು. ನಾನು ಮೂಲೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುತ್ತ ಕೂತಿದ್ದೆ. ಚಿಕ್ಕಮ್ಮ ಅಳತೆ ಬರೆದುಕೊಳ್ಳುವಷ್ಟು ಹೊತ್ತು ಅವರು ತಮ್ಮ ಆಫೀಸಿನ ತಾಪತ್ರಯವನ್ನೆಲ್ಲ ನನ್ನೊಡನೆ ಹೇಳಿಕೊಂಡರು. ಏನು ಹೇಳಬೇಕೋ ತೋಚದೆ ನಾನು ಸುಮ್ಮನೆ ಇದ್ದೆ. ಅದನ್ನು ಅವರು ತಾಳ್ಮೆ ಎಂದುಕೊಂಡರು. ಸಿಡುಕುವ ಗಿರಾಕಿಗಳ ಜೊತೆ ಮಾತಾಡಲು ಇಂಥ ಹುಡುಗಿಯೇ ಬೇಕು, ಕಳಿಸಿಕೊಡಿ ಎಂದರು. ಚಿಕ್ಕಮ್ಮ ನಗು ತಡೆಯಲಾರದೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಮಾರ್ಚ್ ಮುಗಿಯುವವರೆಗೆ ನೋಡೋಣ, ಆಮೇಲೆ ಹೇಳುತ್ತೇನೆ ಎಂದಿದ್ದಾರೆ ಮೇಡಂ. ಬೇಡವೆಂದರೆ ಮತ್ತೆ ಕಾಜಾ. ಕಿಟಕಿ ಪಕ್ಕದ ನನ್ನ ಜಾಗವನ್ನು ಚಿಕ್ಕಮ್ಮ ಆಗಲೇ ಬೇರೊಬ್ಬಳಿಗೆ ಕೊಟ್ಟಿದ್ದಾಳೆ. ಅವಳ ಕೈ ನನ್ನದಕ್ಕಿಂತ ಚುರುಕಂತೆ. ವಾಪಸು ಹೋದರೆ ಬಾಗಿಲ ಹತ್ತಿರ, ಇಸ್ತ್ರಿಪೆಟ್ಟಿಗೆಯ ಪಕ್ಕದ ಸ್ಟೂಲು.

ಆಫೀಸು ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಒಂದೇ ಕೋಣೆ, ನಡುವೆ ಪ್ಲೈವುಡ್ ಗೋಡೆ. ಈಚೆ ನಾನು, ಫೋನು, ಒಂದು ಹಳೆಯ ಕಂಪ್ಯೂಟರು. ಆಚೆ ಕೋಡ್ ಬರೆಯುವ ಅಣ್ಣ. ಅವನಿಗೆ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ಯಾವುದನ್ನೂ ತೆಗೆದಿಡುವುದಿಲ್ಲ. ಕೆಳಗಿನ ಅಂಗಡಿಯವರು ಅವನನ್ನು ನಾಲ್ಕು ಕಣ್ಣು ಎನ್ನುವುದಿಲ್ಲ, ಆರು ಕಣ್ಣು ಎನ್ನುತ್ತಾರೆ.

ಮಾರ್ಚ್ ೪, ಮಂಗಳವಾರ

ಮೇಡಂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟರು: "ನಮಸ್ಕಾರ. ತೊಂದರೆಗೆ ಕ್ಷಮಿಸಿ. ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು ಪುಟವನ್ನು ಮತ್ತೆ ತೆರೆಯಿರಿ." ಯಾರು ಏನೇ ಕೇಳಿದರೂ ಇಷ್ಟು ಹೇಳಿದರೆ ಸಾಕಂತೆ. ಐದನೇ ತರಗತಿಯ ನಂತರ ಜೋರಾಗಿ ಓದು ಎಂದು ನನ್ನ ಕೈಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ದಾರಿಯಲ್ಲಿ ನಡೆಯುತ್ತ ಬಾಯಿಪಾಠ ಮಾಡಿದೆ. ಎದುರಿಗೆ ಬಂದ ಒಬ್ಬರು ಪರವಾಗಿಲ್ಲ ಬಿಡಮ್ಮ ಎಂದು ಹೇಳಿ ಹೋದರು.

ಮಾರ್ಚ್ ೬, ಗುರುವಾರ

ಇವತ್ತು ಗಾಳಿ. ಎಪ್ಪತ್ತೊಂದು ಕರೆ.

ನಮ್ಮ ಆಫೀಸು ಅಂಗಡಿಗಳಿಗೆ, ಈಜು ಕಲಿಸುವವರಿಗೆ, ಫೋಟೋ ತೆಗೆಯುವವರಿಗೆ ವೆಬ್ ಪುಟ ಮಾಡಿಕೊಡುತ್ತದೆ. ಎಲ್ಲರಿಗಿಂತ ದೊಡ್ಡ ಗಿರಾಕಿ ಲಾಂಚಜ್ಜ. ಈ ದಡದಿಂದ ಆ ದಡಕ್ಕೆ ದಿನವಿಡೀ ಅವರ ಲಾಂಚ್ ಓಡಾಡುತ್ತದೆ. ಗಾಳಿ ಜೋರಾದರೆ ನಿಲ್ಲುತ್ತದೆ. ಅಜ್ಜ ತಮ್ಮ ಫೋನಿನಲ್ಲಿ ಸಾಮಾಜಿಕ ಜಾಲತಾಣಕ್ಕೆ "ಲಾಂಚ್ ಇದೆ" ಅಥವಾ "ಗಾಳಿ, ಇಲ್ಲ" ಎಂದು ಹಾಕುತ್ತಾರೆ. ನಾವು ಮಾಡಿದ ಪುಟ ಜಾಲತಾಣವನ್ನು ಕೇಳಿ ಆ ಮಾತನ್ನು ತಂದು ದೊಡ್ಡದಾಗಿ ತೋರಿಸಬೇಕು. ಜನ ಅದನ್ನು ನೋಡಿಕೊಂಡು ಮನೆ ಬಿಡುತ್ತಾರೆ.

ಇವತ್ತು ಪುಟ ಏನನ್ನೂ ತೋರಿಸಲಿಲ್ಲ. ಬಿಳೀ ಖಾಲಿ. ನಾನು ಹಾಳೆ ಹಿಡಿದು ಓದಿದೆ, ಓದಿದೆ, ಓದಿದೆ. ಒಬ್ಬರು, ಆ ಕಡೆಯ ಆಸ್ಪತ್ರೆಯ ನರ್ಸಮ್ಮ, ಇದು ಮೆಷಿನ್ನು, ಒಂದು ಒತ್ತಿದರೆ ಮನುಷ್ಯರು ಬರಬಹುದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಟುಕ್ ಎಂದು ಒತ್ತಿದರು. ನಾನು ಏನು ಮಾಡಲಿ? ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆ ದನಿ ಮಾಡಿಕೊಂಡು ಮತ್ತೆ "ನಮಸ್ಕಾರ" ಎಂದೆ.

ಪ್ಲೈವುಡ್ಡಿನ ಆಚೆ ಅಣ್ಣ ಕುರ್ಚಿಯಿಂದ ಬೀಳುವಷ್ಟು ನಕ್ಕ ಸದ್ದು ಬಂತು.

ಮಾರ್ಚ್ ೮, ಶನಿವಾರ

ಅಣ್ಣ ಟೀ ಹೊತ್ತಿಗೆ ತಾನಾಗಿಯೇ ವಿವರಿಸಿದ. ಜಾಲತಾಣದವರದು ಒಂದು ಕಿಟಕಿ ಇದ್ದಂತೆ. ನಮ್ಮ ಪುಟ ಅಲ್ಲಿಗೆ ಹೋಗಿ ಅಜ್ಜನ ಮಾತು ಕೇಳಿ ತರಬೇಕು. ಆದರೆ ಒಂದು ಗಂಟೆಗೆ ಇಷ್ಟೇ ಸಲ ಕೇಳಬಹುದು ಎಂಬ ನಿಯಮ ಇದೆ. ಗಾಳಿ ಬಂದ ದಿನ ಸಾವಿರ ಜನ ನಮ್ಮ ಪುಟ ತೆರೆಯುತ್ತಾರೆ, ನಾವು ಸಾವಿರ ಸಲ ಕಿಟಕಿಗೆ ಓಡುತ್ತೇವೆ, ಅವರು ಬೇಸತ್ತು ಕದ ಹಾಕುತ್ತಾರೆ. ಗಡಿಯಾರದಲ್ಲಿ ಮುಂದಿನ ಗಂಟೆ ಹೊಡೆದ ಮೇಲೆಯೇ ಮತ್ತೆ ತೆರೆಯುವುದು.

ಅದಕ್ಕೆ ಅವನು ನಮ್ಮ ಸರ್ವರಿನಲ್ಲಿ ಒಂದು ಲೈಬ್ರರಿ ಹಾಕಿದ್ದಾನಂತೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡ್. ಅದು ಒಂದು ಸಲ ಕೇಳಿ ತಂದ ಉತ್ತರವನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಅರ್ಧ ಗಂಟೆಯವರೆಗೆ ಯಾರೇ ಬಂದರೂ ಇಟ್ಟುಕೊಂಡದ್ದನ್ನೇ ಕೊಡುತ್ತದೆ, ಕಿಟಕಿಗೆ ಹೋಗುವುದೇ ಇಲ್ಲ. ಅರ್ಧ ಗಂಟೆ ಯಾಕೆಂದರೆ ಲಾಂಚ್ ಹೊರಡುವುದು ಅರ್ಧ ಗಂಟೆಗೊಮ್ಮೆ.

ಲಾಂಚ್ ಹೊರಡುವುದು ಅರ್ಧ ಗಂಟೆಗೊಮ್ಮೆಯೇ, ಆದರೆ ಗಾಳಿ ಅರ್ಧ ಗಂಟೆಗೊಮ್ಮೆ ಬರುವುದಿಲ್ಲವಲ್ಲ ಎಂದು ನನಗನ್ನಿಸಿತು. ಟೀ ಲೋಟ ತೊಳೆದಿಟ್ಟೆ.

ಮಾರ್ಚ್ ೧೧, ಮಂಗಳವಾರ

ಪುಟ "ಲಾಂಚ್ ಇದೆ" ಎನ್ನುತ್ತಿತ್ತು. ಲಾಂಚ್ ಇರಲಿಲ್ಲ. ಇಪ್ಪತ್ತು ನಿಮಿಷ ಹಳೆಯ ಮಾತು. ಕಟ್ಟೆಯ ಮೇಲೆ ಐವತ್ತು ಜನ ಚೀಲ ಹಿಡಿದು ನಿಂತಿದ್ದರಂತೆ. ಐವತ್ತೂ ಜನ ನನಗೆ ಫೋನ್ ಮಾಡಿದರು ಎನ್ನಿಸಿತು.

ಮಧ್ಯಾಹ್ನ ಮತ್ತೆ ಖಾಲಿ.

ಮಾರ್ಚ್ ೧೨, ಬುಧವಾರ

ಖಾಲಿ. ಹಾಳೆ ಓದಿದೆ.

ಮಾರ್ಚ್ ೧೪, ಶುಕ್ರವಾರ

ನರ್ಸಮ್ಮ ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿದರು. ನಾನು ಹಾಳೆಯ ಮೊದಲ ಸಾಲು ಮುಗಿಸುವ ಮುನ್ನವೇ ತಡೆದರು.

"ನೋಡಮ್ಮ, ನೀನು ಮೆಷಿನ್ ಅಲ್ಲ ಅಂತ ಗೊತ್ತು. ಮೊನ್ನೆ ನಿನಗೆ ಸೀನು ಬಂತು. ಲಾಂಚ್ ಇದೆಯಾ, ಇಲ್ವಾ, ಅಷ್ಟು ಹೇಳು."

ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಎರಡು ನಿಮಿಷ ತಡೆಯಿರಿ ಎಂದು ಹೇಳಿ, ಗೋಡೆಯ ಮೇಲೆ ಬರೆದಿದ್ದ ನಂಬರು ನೋಡಿ ಲಾಂಚಜ್ಜನಿಗೇ ಫೋನ್ ಮಾಡಿದೆ. ಎಂಜಿನ್ನಿನ ಸದ್ದಿನ ನಡುವೆ ಅಜ್ಜ, ಇದೆ ಇದೆ ಎಂದು ಕೂಗಿದರು. ನಾನು ಕರೆಗಳನ್ನು ಬರೆದಿಡುವ ಪುಸ್ತಕದಲ್ಲಿ "೭.೩೪, ಇದೆ" ಎಂದು ಬರೆದು ನರ್ಸಮ್ಮನಿಗೆ ಹೇಳಿದೆ. ಅವರ ಹಿಂದೆ ಹತ್ತು ಜನ ಫೋನ್ ಮಾಡಿದರು. ಅವರಿಗೂ ಅದನ್ನೇ ಹೇಳಿದೆ: ಏಳು ಮೂವತ್ತನಾಲ್ಕಕ್ಕೆ ಕೇಳಿದ್ದು, ಇದೆ. ಪ್ರತಿಯೊಬ್ಬರಿಗೂ ಅಜ್ಜನನ್ನು ಕರೆಯುತ್ತ ಕೂತರೆ ಅವರು ಲಾಂಚ್ ನಡೆಸುವುದು ಯಾವಾಗ? ಹತ್ತು ನಿಮಿಷ ಆದ ಮೇಲೆ ಇನ್ನೊಮ್ಮೆ ಕೇಳಿದೆ. ಹೀಗೇ ದಿನ ಹೋಯಿತು. ಹಾಳೆ ಎಲ್ಲಿಟ್ಟೆನೋ ಗೊತ್ತಿಲ್ಲ, ನಾಳೆ ಹುಡುಕಬೇಕು.

ಅಣ್ಣ ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ. ಸಂಜೆ ಹೋಗುವಾಗ ನಿಂತು ಹೇಳಿದ, "ನೀನು ಒಂದು ಸಲ ಕೇಳಿ ಹತ್ತು ಜನಕ್ಕೆ ಹೇಳ್ತೀಯಲ್ಲ, ನಾನು ಹಾಕಿರೋ ಲೈಬ್ರರಿನೂ ಅಷ್ಟೇ ಮಾಡೋದು. ಆದ್ರೆ ಅದು ನಿನ್ನ ಥರ ಕೆಂಪಗಾಗಲ್ಲ."

ನಾನು ಕೆಂಪಗಾಗಲಿಲ್ಲ. ಸೆಕೆ ಇತ್ತು.

ಮಾರ್ಚ್ ೧೮, ಮಂಗಳವಾರ

ಒಂದು ವಿಷಯ ಹೊಳೆದಿದೆ. ಸರಿಯೋ ತಪ್ಪೋ ಗೊತ್ತಿಲ್ಲ, ಇಲ್ಲಿ ಬರೆದಿಡುತ್ತೇನೆ.

ಇವತ್ತು ೮.೪೮ಕ್ಕೆ ಪುಟ ಖಾಲಿಯಾಯಿತು. ಅಜ್ಜನಿಗೆ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಹಗ್ಗ ಕಟ್ಟುತ್ತಿದ್ದರಂತೆ. ಕರೆದವರಿಗೆ ತಡೆಯಿರಿ ಎಂದೆ, ಎರಡು ನಿಮಿಷ ಬಿಟ್ಟು ಮತ್ತೆ ಮಾಡಿದೆ, ಎತ್ತಿದರು. ೮.೫೦ಕ್ಕೆ ನನ್ನ ಬಳಿ ಉತ್ತರ ಇತ್ತು. ಪುಟ ಮಾತ್ರ ೯.೧೮ರವರೆಗೆ ಖಾಲಿ.

ಅಣ್ಣ ಹೇಳುವುದು ಇದು ಕಿಟಕಿಯವರ ಸಿಟ್ಟು ಎಂದು. ನಮ್ಮ ಗಿರಾಕಿಗಳೆಲ್ಲರ ಪುಟಗಳೂ ಒಂದೇ ಕಿಟಕಿಗೆ ಹೋಗುತ್ತವಲ್ಲ, ಎಲ್ಲ ಸೇರಿ ಲೆಕ್ಕ ಮೀರಿ ಕದ ಹಾಕುತ್ತಾರೆ, ಕಾಯಬೇಕು ಅಷ್ಟೆ. ಆದರೆ ಗಂಟೆ ಹೊಡೆದರೆ ತೆರೆಯುತ್ತಾರೆ ಎಂದೂ ಅವನೇ ಹೇಳಿದ್ದ. ಹಾಗಾದರೆ ಒಂಬತ್ತಕ್ಕೆ ಸರಿಹೋಗಬೇಕಿತ್ತು, ಒಂಬತ್ತೂ ಹದಿನೆಂಟರವರೆಗೆ ಯಾಕೆ?

ಕರೆಗಳ ಪುಸ್ತಕ ಹಿಂದಕ್ಕೆ ತಿರುವಿದೆ. ಪುಟ ಖಾಲಿಯಾದ ಹೊತ್ತು, ಮತ್ತೆ ಬಂದ ಹೊತ್ತು ಎರಡನ್ನೂ ಬರೆದಿದ್ದೇನೆ. ೭.೨೦ರಿಂದ ೭.೫೦. ೨.೦೫ರಿಂದ ೨.೩೫. ೧೦.೪೧ರಿಂದ ೧೧.೧೧. ಎಲ್ಲವೂ ಮೂವತ್ತು ನಿಮಿಷ. ಸಿಟ್ಟು ಬಂದವರು ಹೀಗೆ ಗಡಿಯಾರ ನೋಡಿಕೊಂಡು ಸಮಾಧಾನವಾಗುತ್ತಾರೆಯೇ? ಚಿಕ್ಕಮ್ಮನಿಗೆ ಸಿಟ್ಟು ಬಂದರೆ ಒಮ್ಮೆ ಐದು ನಿಮಿಷ, ಒಮ್ಮೆ ಎರಡು ದಿನ.

ಅಜ್ಜ ಫೋನ್ ಎತ್ತದಿದ್ದರೆ ನಾನು ಪುಸ್ತಕದಲ್ಲಿ ಏನನ್ನೂ ಬರೆಯುವುದಿಲ್ಲ. ಎತ್ತಲಿಲ್ಲ ಎನ್ನುವುದು ಉತ್ತರ ಅಲ್ಲವಲ್ಲ. ಕಿಟಕಿಯಲ್ಲಿ ಕೂತವನೂ ಒಂದು ಗಳಿಗೆ ಎದ್ದು ಹೋಗಿರುತ್ತಾನೆ. ಲೈಬ್ರರಿ ಆಗ ಬರಿಗೈಯಲ್ಲಿ ಬಂದು, ಆ ಬರಿಗೈಯನ್ನೇ ಉತ್ತರ ಎಂದು ಇಟ್ಟುಕೊಂಡು ಅರ್ಧ ಗಂಟೆ ಬಂದವರಿಗೆಲ್ಲ ಹಂಚುತ್ತಿದೆಯೇನೋ.

ಅಣ್ಣನಿಗೆ ಹೇಳಬೇಕು.

ಮಾರ್ಚ್ ೧೯, ಬುಧವಾರ

ಹೇಳಲಿಲ್ಲ. ಅವನು ಹದಿನಾರು ವರ್ಷ ಓದಿದವನು. ನಾನು ಹೇಳಿ, ಅವನು ನಕ್ಕರೆ ಪರವಾಗಿಲ್ಲ. ನಗದೆ, ಪಾಪ ಎಂದು ಸಮಾಧಾನವಾಗಿ ವಿವರಿಸಲು ಕೂತರೆ ಏನು ಮಾಡಲಿ?

ಮಾರ್ಚ್ ೨೦, ಗುರುವಾರ

ಚೀಟಿಯಲ್ಲಿ ಬರೆದು ಅವನ ಟೀ ಲೋಟದ ಕೆಳಗಿಟ್ಟೆ. ಅವನು ಬರುವಷ್ಟರಲ್ಲಿ ಹೋಗಿ ತೆಗೆದುಕೊಂಡು ಬಂದೆ. ಲೋಟದ ಅಡಿಯ ಒದ್ದೆಯಿಂದ ಅಕ್ಷರ ಅಳಿಸಿತ್ತು, ಅದಕ್ಕೆ ತೆಗೆದೆ.

ಚಿಕ್ಕಮ್ಮ ಊಟಕ್ಕೆ ಕೂತಾಗ ಏನಾಯಿತು ಎಂದಳು. ಏನಿಲ್ಲ ಎಂದೆ. "ನಿನ್ನ ಬಾಯಿಗೆ ಯಾರಾದ್ರೂ ಡಬಲ್ ಹೊಲಿಗೆ ಹಾಕಿದಾರೇನೇ?" ಎಂದಳು.

ಮಾರ್ಚ್ ೨೧, ಶುಕ್ರವಾರ

ಲಾಂಚಜ್ಜ ಆಫೀಸಿಗೆ ಬಂದರು. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವವರೆಗೆ ನನ್ನ ಎದುರಿನ ಸ್ಟೂಲಿನಲ್ಲೇ ಕೂತರು. ಫೋನಿನ ಹುಡುಗಿ ನೀನೇನಾ, ನಾನು ಯಾರೋ ದಪ್ಪ ಹೆಂಗಸು ಅಂದುಕೊಂಡಿದ್ದೆ ಎಂದರು. ಆಮೇಲೆ ಒಳಗೆ ಹೋದರು. ಪ್ಲೈವುಡ್ಡಿನಲ್ಲಿ ಗುಟ್ಟು ನಿಲ್ಲುವುದಿಲ್ಲ.

ನೆನ್ನೆ ಬೆಳಿಗ್ಗೆ ಆರಕ್ಕೆ ಪುಟ ಖಾಲಿ ಇತ್ತಂತೆ. ಆ ಹೊತ್ತಿಗೆ ಆಫೀಸು ತೆರೆದಿರುವುದಿಲ್ಲ, ನಾನೂ ಇರುವುದಿಲ್ಲ. ಲಾಂಚ್ ಇಲ್ಲವೆಂದು ತಿಳಿದು ನರ್ಸಮ್ಮ ಸೇತುವೆ ಸುತ್ತಿಕೊಂಡು ಬಸ್ಸಿನಲ್ಲಿ ಹೋದರು. ಎರಡು ಗಂಟೆ ತಡ. ರಾತ್ರಿಯಿಡೀ ನಿಂತು ಕೆಲಸ ಮಾಡಿದ ಇನ್ನೊಬ್ಬ ನರ್ಸು ಅಲ್ಲಿಯವರೆಗೆ ಮನೆಗೆ ಹೋಗುವಂತಿರಲಿಲ್ಲ. ಲಾಂಚ್ ಮಾತ್ರ ಆರೂ ಹತ್ತಕ್ಕೆ ಖಾಲಿ ಬೆಂಚು ಹೊತ್ತುಕೊಂಡು ಹೋಗಿತ್ತು.

ಅಜ್ಜ ಜಗಳವಾಡಲಿಲ್ಲ. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ನನ್ನ ಹಳೇ ಕಪ್ಪು ಹಲಗೆ, ಸೀಮೆಸುಣ್ಣವೇ ವಾಸಿ ಎಂದರು. ಅವರು ಹೋದ ಮೇಲೆ ಮೇಡಂ ಅಣ್ಣನಿಗೆ ಹೇಳಿದ್ದೂ ಕೇಳಿಸಿತು. ಅಜ್ಜ ಬಿಟ್ಟರೆ ನಿನ್ನನ್ನು ಹೇಗೋ ಇಟ್ಟುಕೊಳ್ಳಬಹುದು, ಆ ಹುಡುಗಿಯನ್ನು ಆಗುವುದಿಲ್ಲ.

ನನಗೆ ಮಂಗಳವಾರವೇ ಗೊತ್ತಿತ್ತು. ನರ್ಸಮ್ಮ ಬಸ್ಸಿನಲ್ಲಿ ಹೋದದ್ದು ಗುರುವಾರ.

ಮಾರ್ಚ್ ೨೨, ಶನಿವಾರ

ಹೇಳಿದೆ.

ಬೆಳಿಗ್ಗೆ ಎರಡು ಸಲ ಎದ್ದು ಗೋಡೆಯ ಅಂಚಿನವರೆಗೆ ಹೋದೆ. ಅವನ ಬೆನ್ನು ಕಂಡಿತು. ವಾಪಸು ಬಂದು ಕೂತೆ. ಫೋನು ಎದುರಿಗಿತ್ತು. ಕೈ ತಾನಾಗಿಯೇ ಅದನ್ನು ಎತ್ತಿ ಅವನ ಮೊಬೈಲಿನ ನಂಬರು ಒತ್ತಿತು. ಗೋಡೆಯ ಆಚೆ ರಿಂಗಾಯಿತು.

"ಹಲೋ."

"ನಮಸ್ಕಾರ. ಲಾಂಚಿನ ಪುಟದ ಬಗ್ಗೆ ಒಂದು ವಿಷಯ ಹೇಳಬೇಕಿತ್ತು."

"ಹೇಳಿ. ಯಾರು ಮಾತಾಡ್ತಿರೋದು?"

"ಆಫೀಸಿನಿಂದ."

"ಯಾವ ಆಫೀಸು?"

"ಇದೇ."

ಆಚೆ ಕುರ್ಚಿ ಕಿರ್ರೆಂದಿತು. ಈಗ ಎದ್ದು ಬರುತ್ತಾನೆ, ಮುಗಿಯಿತು ಎಂದುಕೊಂಡೆ. ಬರಲಿಲ್ಲ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಕಿವಿಯಲ್ಲಿ ಅಣ್ಣನ ದನಿ ಬಂತು, ತುಂಬ ಗಂಭೀರವಾಗಿ, "ಹೇಳಿ ಮೇಡಂ, ಬರ್ಕೊಳ್ತಾ ಇದೀನಿ."

ಆಮೇಲೆ ಸಲೀಸಾಯಿತು. ಫೋನಿನಲ್ಲಿ ನನಗೆ ಭಯವಿಲ್ಲ. ಪುಸ್ತಕ ತೆರೆದು ಹೊತ್ತುಗಳನ್ನು ಒಂದೊಂದಾಗಿ ಓದಿದೆ. ಎಲ್ಲವೂ ಮೂವತ್ತೇ ನಿಮಿಷವಾ ಎಂದು ಕೇಳಿದ. ಒಂದು ಮಾತ್ರ ಮೂವತ್ತೊಂದು, ಆಗ ನಾನು ನೀರು ಕುಡಿಯಲು ಎದ್ದಿದ್ದೆ ಎಂದೆ. ಒಂಬತ್ತಕ್ಕೆ ಕಿಟಕಿ ತೆರೆದ ಮೇಲೂ ಹದಿನೆಂಟು ನಿಮಿಷ ಖಾಲಿ ಇದ್ದದ್ದನ್ನು ಹೇಳಿದೆ. ಅಜ್ಜ ಎತ್ತದಿದ್ದಾಗ ನಾನು ಏನು ಮಾಡುತ್ತೇನೆ ಎಂಬುದನ್ನೂ ಹೇಳಿದೆ.

"ಸಿಗಲಿಲ್ಲ ಅನ್ನೋದನ್ನೂ ಅದು ಉತ್ತರ ಅಂತ ಇಟ್ಕೊಳ್ತಿದೆ ಅನ್ಸುತ್ತೆ," ಎಂದೆ.

ಆಚೆ ಕೀಲಿಗಳ ಸದ್ದು ಮಾತ್ರ. ತುಂಬ ಹೊತ್ತಿನ ಮೇಲೆ ಪ್ಲೈವುಡ್ಡಿನ ಮೇಲಿಂದ ಎರಡು ಕನ್ನಡಕ ಎದ್ದವು.

ಲೈಬ್ರರಿಯದು ತಪ್ಪಿಲ್ಲವಂತೆ. ಅದು ಕೊಟ್ಟದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ. ಬಂದ ಉತ್ತರ ಸರಿಯಿದೆಯೇ ಎಂದು ನೋಡಿ, ಆಮೇಲೆ ಇಟ್ಟುಕೋ ಎಂದು ಹೇಳುವ ಒಂದು ಸಾಲನ್ನು ಇವನು ಬರೆಯಬೇಕಿತ್ತು, ಮರೆತಿದ್ದ. ಎರಡು ವಾರದಿಂದ ಕಿಟಕಿಯವರನ್ನು ಬಯ್ಯುತ್ತ ಕೂತಿದ್ದ.

"ಇದು ನಿನಗೆ ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಶನಿವಾರ. ನನ್ನ ಲೈಬ್ರರಿ ಅರ್ಧ ಗಂಟೆ ಇಟ್ಕೊಂಡಿದ್ದಕ್ಕೆ ಊರೆಲ್ಲ ಬೈತು. ನೀನು ನಾಲ್ಕು ದಿನ ಇಟ್ಕೊಂಡಿದೀಯ."

ನಗು ಬಂತು. ಆಮೇಲೆ ನರ್ಸಮ್ಮನ ನೆನಪಾಗಿ ನಿಂತಿತು. ಅವನಿಗೂ ಹಾಗೇ ಆಗಿರಬೇಕು, ಕನ್ನಡಕ ತೆಗೆದು ಒರೆಸಿದ. ಒಂದನ್ನು.

ಮಾರ್ಚ್ ೨೪, ಸೋಮವಾರ

ಅಣ್ಣ ಇವತ್ತು ಮೂರು ಸಲ ಗೋಡೆಯ ಆಚೆಯಿಂದ ನನಗೆ ಫೋನ್ ಮಾಡಿದ. ಎದ್ದು ಬಂದು ಕೇಳಲು ಅವನಿಗೇನು ಕಷ್ಟ?

ಒಂದು: ನೀನು ಎಷ್ಟು ನಿಮಿಷಕ್ಕೊಮ್ಮೆ ಅಜ್ಜನನ್ನು ಕೇಳುತ್ತೀಯ? ಹತ್ತು, ಗಾಳಿ ಇದ್ದರೆ ಐದು ಎಂದೆ. ಲೈಬ್ರರಿಗೂ ಐದು ಹಾಕಿದ. ಎರಡು: ಅಜ್ಜ ಎತ್ತದಿದ್ದರೆ ಜನಕ್ಕೆ ಏನು ಹೇಳುತ್ತೀಯ? ಹಳೆಯದನ್ನೇ ಹೇಳುತ್ತೇನೆ, ಆದರೆ ಎಷ್ಟು ಹೊತ್ತಿಗೆ ಕೇಳಿದ್ದು ಎಂದೂ ಹೇಳುತ್ತೇನೆ, ನಂಬುವುದು ಬಿಡುವುದು ಅವರಿಗೆ ಸೇರಿದ್ದು ಎಂದೆ. ಪುಟವೂ ಇನ್ನು ಹಾಗೇ ಮಾಡುತ್ತದಂತೆ. ಮೂರನೆಯದು ನಾನು ಟೀ ಕುಡಿದೆನಾ ಎಂದು ಕೇಳಲು.

ಮಾರ್ಚ್ ೨೬, ಬುಧವಾರ

ಇಡೀ ತಿಂಗಳಿನಲ್ಲೇ ದೊಡ್ಡ ಗಾಳಿ. ಸೈಕಲ್ ಅಂಗಡಿಯ ಬೋರ್ಡು ಹಾರಿ ರಸ್ತೆಗೆ ಬಿತ್ತು. ಅಣ್ಣ, ಮೇಡಂ, ನಾನು ಮೂವರೂ ಹಳೆಯ ಕಂಪ್ಯೂಟರಿನ ಮುಂದೆ ಕೂತೆವು.

ಪುಟದ ಮೇಲೆ "ಗಾಳಿ, ಇಲ್ಲ" ಎಂದಿತ್ತು. ಕೆಳಗೆ ಸಣ್ಣಗೆ "೮.೧೦ಕ್ಕೆ ಸಿಕ್ಕ ಸುದ್ದಿ". ಎಂಟೂ ಹದಿನೈದಕ್ಕೆ ಕಿಟಕಿಯವರು ಉತ್ತರ ಕೊಡಲಿಲ್ಲ. ಮೇಡಂ ನನ್ನ ಮೊಣಕೈ ಹಿಡಿದುಕೊಂಡರು. ಪುಟ ಖಾಲಿಯಾಗಲಿಲ್ಲ. ಹಳೆಯ ಮಾತು, ಹಳೆಯ ಹೊತ್ತು ಹಾಗೇ ನಿಂತಿತು. ಎರಡು ನಿಮಿಷಕ್ಕೆ ಹೊಸ ಹೊತ್ತು ಬಂತು. ಹನ್ನೊಂದೂವರೆಗೆ ಗಾಳಿ ತಗ್ಗಿತು. ಅಜ್ಜ "ಲಾಂಚ್ ಇದೆ" ಎಂದು ಹಾಕಿದ ನಾಲ್ಕನೇ ನಿಮಿಷಕ್ಕೆ ನಮ್ಮ ಪುಟದಲ್ಲೂ ಬಂತು. ಸಂಜೆಯವರೆಗೆ ಐದು ಸಲ ಕಿಟಕಿ ಕೈಕೊಟ್ಟಿತು. ಒಂದು ಸಲವೂ ಖಾಲಿ ಇಲ್ಲ.

ಕರೆ ಎರಡೇ. ಒಂದು ರಾಂಗ್ ನಂಬರು. ಅವರಿಗೆ ಯಾರು ಬೇಕಿತ್ತು, ಸರಿಯಾದ ನಂಬರು ಏನು, ಯಾಕೆ ಫೋನ್ ಮಾಡುತ್ತಿದ್ದಾರೆ ಎಂದೆಲ್ಲ ವಿಚಾರಿಸಿದೆ. ಒಳ್ಳೆಯ ಜನ.

ಮಾರ್ಚ್ ೨೭, ಗುರುವಾರ

ಒಂದೂ ಕರೆ ಇಲ್ಲ. ತಂತಿ ಬಿಚ್ಚಿಕೊಂಡಿದೆಯೇನೋ ಎಂದು ಅಣ್ಣನ ಮೊಬೈಲಿನಿಂದ ಮಾಡಿ ನೋಡಿದೆ. ರಿಂಗಾಯಿತು.

ಮಧ್ಯಾಹ್ನ ಮೇಡಂ ಹೊರಗೆ ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತರು. ಫೋನನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಲು ಹೋಗಿ ಛತ್ರಿ ತೆಗೆದುಕೊಂಡು ಹೋದರು. ಆಗ ನನಗೆ ತಿಳಿಯಿತು.

ಪುಟ ಸರಿಯಾಗಿದೆ. ಪುಟ ಸರಿಯಾದರೆ ಯಾರು ಫೋನ್ ಮಾಡುತ್ತಾರೆ? ಯಾರೂ ಫೋನ್ ಮಾಡದಿದ್ದರೆ ಫೋನ್ ಎತ್ತುವವಳು ಯಾಕೆ? ನನ್ನ ಕೆಲಸವನ್ನು ನಾನೇ ಪುಸ್ತಕ ತೆರೆದು, ಹೊತ್ತು ಓದಿ, ಮುಗಿಸಿಬಿಟ್ಟಿದ್ದೇನೆ.

ಮಾರ್ಚ್ ೨೮, ಶುಕ್ರವಾರ

ನರ್ಸಮ್ಮ ಫೋನ್ ಮಾಡಿದರು, ಲಾಂಚ್ ಇದೆಯಾ ಎಂದು ಕೇಳಲಿಲ್ಲ. ಪುಟದಲ್ಲೇ ಎಲ್ಲ ಕಾಣುತ್ತದೆ, ನಿನ್ನ ದನಿ ಕೇಳದೆ ಒಂಥರಾ ಅನ್ನಿಸಿತು ಎಂದರು. ನಾನು ಬಸ್ಸಿನ ವಿಷಯ ಎತ್ತಿದೆ. ನನಗೆ ಮೊದಲೇ ಗೊತ್ತಿದ್ದೂ ಹೇಳಿರಲಿಲ್ಲ ಎಂದೆ. ಅದಕ್ಕೆ ಅವರು, ರೋಗಿಗಳೂ ಹಾಗೇ, ಎಲ್ಲಿ ನೋಯುತ್ತದೆ ಎಂದು ಮೂರನೇ ದಿನ ಹೇಳುತ್ತಾರೆ, ಇನ್ನು ಮುಂದೆ ಮೊದಲನೇ ದಿನ ಹೇಳು ಎಂದರು.

ಮಾರ್ಚ್ ೨೯, ಶನಿವಾರ

ಸುಮ್ಮನೆ ಕೂತು ಬೇಸರವಾಗಿ ನಮ್ಮ ಬೇರೆ ಗಿರಾಕಿಗಳ ಪುಟಗಳನ್ನು ಒಂದೊಂದಾಗಿ ತೆರೆದೆ. ಅವಕ್ಕೂ ಇದೇ ಲೈಬ್ರರಿ.

ಈಜು ಕಲಿಸುವವರ ಪುಟ "ಇಂದು ರಜೆ" ಎನ್ನುತ್ತಿದೆ. ಆ ಮಾತು ನವೆಂಬರಿನದು, ಆಮೇಲೆ ಅವರು ಏನನ್ನೂ ಹಾಕಿಲ್ಲ. ಫೋಟೋ ಅಂಗಡಿಯವರು ಜಾಲತಾಣದಲ್ಲಿ ಹೆಸರು ಬದಲಿಸಿಕೊಂಡಿದ್ದಾರೆ, ನಮ್ಮ ಪುಟ ಇನ್ನೂ ಹಳೇ ಹೆಸರಿಗೇ ಹೋಗಿ ಕಾಯುತ್ತಿದೆ. ಕ್ಷೌರದಂಗಡಿಯ ಪುಟದಲ್ಲಿ ಇರುವ ಫೋಟೋಗಳೆಲ್ಲ ಬೇರೆ ಊರಿನ ಅದೇ ಹೆಸರಿನ ಅಂಗಡಿಯವು. ಪಾಪ, ಆ ಅಂಗಡಿಯವನು ತನ್ನದಲ್ಲದ ತಲೆಗಳನ್ನು ತೋರಿಸುತ್ತಿದ್ದಾನೆ. ಪುಟ ಖಾಲಿಯಾದರೆ ಜನ ಫೋನ್ ಮಾಡುತ್ತಾರೆ. ಹಳೆಯದನ್ನೋ ತಪ್ಪನ್ನೋ ತೋರಿಸಿದರೆ ಯಾರೂ ಮಾಡುವುದಿಲ್ಲ, ನಂಬಿಕೊಂಡು ಬೇರೆ ಕಡೆ ಹೋಗಿಬಿಡುತ್ತಾರೆ.

ಸಂಜೆಯೊಳಗೆ ಹನ್ನೊಂದು ಪುಟ ಬರೆದುಕೊಂಡೆ.

ಮಾರ್ಚ್ ೩೧, ಸೋಮವಾರ

ಇವತ್ತು ಉದ್ದ ಬರೆಯಬೇಕು, ಆದರೆ ಗಂಟಲು ಕಟ್ಟಿದೆ. ಗಂಟಲಿಗೂ ಬರೆಯುವುದಕ್ಕೂ ಸಂಬಂಧವಿಲ್ಲ ಎಂದು ಈಗ ಹೊಳೆಯಿತು.

ಹತ್ತು ಗಂಟೆಗೆ ಲಾಂಚಜ್ಜ ಬಂದರು. ಸೀಮೆಸುಣ್ಣದ ಡಬ್ಬಿ ತಂದಿದ್ದರು. ಹೊಸದು, ತೆರೆದೇ ಇರಲಿಲ್ಲ. ಬುಧವಾರದ ಗಾಳಿಗೆ ಮುಂಚೆಯೇ ತೆಗೆದುಕೊಂಡಿದ್ದಂತೆ, ಮೊಮ್ಮಗಳಿಗೆ ಕೊಡುತ್ತೇನೆ ಎಂದರು. ಇನ್ನೊಂದು ವರ್ಷಕ್ಕೆ ಒಪ್ಪಿ ರುಜು ಹಾಕಿ ಹೋದರು.

ಅವರು ಮೆಟ್ಟಿಲಿಳಿದ ಮೇಲೆ ಮೇಡಂ ನನ್ನನ್ನು ಕರೆದರು. ಅಣ್ಣ ಕೀಲಿ ಒತ್ತುವುದನ್ನು ನಿಲ್ಲಿಸಿದ. ಎದುರು ಕೂರಿಸಿ, ನೀನು ಬಂದು ಒಳ್ಳೆಯದಾಯಿತು ಎಂದು ಶುರುಮಾಡಿದರು. ಚಿಕ್ಕಮ್ಮನೂ ಬಟ್ಟೆ ಕೆಟ್ಟಿದೆ ಎಂದು ಗಿರಾಕಿಗೆ ಹೇಳುವ ಮುಂಚೆ ಬಣ್ಣ ಚೆನ್ನಾಗಿದೆ ಎನ್ನುತ್ತಾಳೆ.

"ಈಗ ಫೋನು ಬರ್ತಾ ಇಲ್ಲವಲ್ಲಮ್ಮ," ಎಂದರು, "ಅದಕ್ಕೆ ನಾನು ಏನು ಯೋಚನೆ ಮಾಡಿದೆ ಅಂದ್ರೆ..."

"ಬರೋದಿಲ್ಲ ಮೇಡಂ," ಎಂದೆ. "ಈಜು ಕಲಿಸೋರ ಪುಟ ನವೆಂಬರಿನಿಂದ ರಜೆ ಅಂತಿದೆ, ಹೊಸಬರು ಯಾರು ಬರ್ತಾರೆ? ಅವರು ಯಾಕೆ ಅಂತ ನಮ್ಮನ್ನ ಕೇಳಿಲ್ಲ. ಕೇಳೋ ಹೊತ್ತಿಗೆ ನಮ್ಮನ್ನ ಬಿಟ್ಟಿರ್ತಾರೆ."

ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಹನ್ನೊಂದನ್ನೂ ಓದಿದೆ. ಅವರು ನಡುವೆ ಬಾಯಿ ತೆರೆದರು, ನಾನು ಒಂದು ನಿಮಿಷ ತಡೆಯಿರಿ ಎಂದೆ. ಕೋಡ್ ಬರೆಯುವವರು ಕೋಡ್ ಸರಿಯಿದೆಯೇ ಎಂದು ನೋಡುತ್ತಾರೆ, ಪುಟ ನೋಡುವ ಹೊರಗಿನವರ ಥರ ನೋಡುವವರು ಈ ಆಫೀಸಿನಲ್ಲಿ ಯಾರೂ ಇಲ್ಲ ಎಂದೆ. ನಾನು ದಿನಾ ಬೆಳಿಗ್ಗೆ ಎಲ್ಲ ಪುಟ ತೆರೆದು, ಗಿರಾಕಿಗಳು ಹಾಕಿದ್ದಕ್ಕೂ ನಮ್ಮಲ್ಲಿ ಕಾಣುವುದಕ್ಕೂ ತಾಳೆ ನೋಡಿ, ತಪ್ಪಿದ್ದರೆ ನಾನೇ ಅವರಿಗೆ ಫೋನ್ ಮಾಡುತ್ತೇನೆ ಎಂದೆ. ಅವರು ಮಾಡುವವರೆಗೆ ಕಾಯಬಾರದು. ಇನ್ನೂ ಏನೇನೋ ಹೇಳಿದೆ, ನೆನಪಿಲ್ಲ.

ಮೇಡಂ ಪಟ್ಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಎರಡು ಸಲ ಓದಿದರು. ಕ್ಷೌರದಂಗಡಿಯ ಸಾಲಿನಲ್ಲಿ ತುಟಿ ಬಿಗಿಹಿಡಿದು ನಕ್ಕರು. ಆಮೇಲೆ ಪೆನ್ನು ತೆಗೆದು ಮೇಲೆ ನನ್ನ ಕೆಲಸಕ್ಕೆ ಏನೋ ಹೊಸ ಹೆಸರು ಬರೆಯಲು ಹೋಗಿ, ಹೊಳೆಯದೆ, "ಇವತ್ತೇ ಶುರು ಮಾಡು," ಎಂದರು. ಮೊದಲು ಏನು ಯೋಚನೆ ಮಾಡಿದ್ದರೋ ಅದನ್ನು ಕೊನೆಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹನ್ನೊಂದು ಜನಕ್ಕೂ ಇವತ್ತೇ ಫೋನ್ ಮಾಡಿದೆ. ಕ್ಷೌರದಂಗಡಿಯವನು ನಂಬಲೇ ಇಲ್ಲ. ಆ ಫೋಟೋಗಳನ್ನು ನೋಡಿ ತಾನೇ ಇಷ್ಟು ಚೆನ್ನಾಗಿ ಕತ್ತರಿಸಿದ್ದು ಎಂದು ಮೂರು ತಿಂಗಳಿನಿಂದ ಹೆಮ್ಮೆಪಡುತ್ತಿದ್ದನಂತೆ. ಅವನನ್ನು ಸಮಾಧಾನ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಗೋಡೆಯ ಆಚೆಯಿಂದ ಅಣ್ಣ, ಸ್ವಲ್ಪ ಮೆಲ್ಲಗೆ ಮಾತಾಡಿದರೆ ತಾನೂ ಒಂಚೂರು ಕೆಲಸ ಮಾಡಬಹುದು ಎಂದು ಚೀಟಿ ಬರೆದು ಕಳಿಸಿದ. ಎದ್ದು ಬಂದು ಹೇಳಬಹುದಿತ್ತು. ಅವನಿಗೆ ಸಂಕೋಚ ಜಾಸ್ತಿ.

ಮನೆಗೆ ಬಂದು ಊಟಕ್ಕೆ ಕೂತು ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಅಜ್ಜ, ಸೀಮೆಸುಣ್ಣ, ಮೇಡಂ, ಈಜುಕೊಳ, ಬೇರೆ ಊರಿನ ತಲೆಗಳು. ಕ್ಯಾಶ್ ಎಂದರೆ ಏನು ಎನ್ನುವುದನ್ನೂ ಎರಡೆರಡು ಸಲ ವಿವರಿಸಿದೆ. ಅವಳು ಕೈತೊಳೆದು ಬಂದಳು, ನನ್ನ ತಟ್ಟೆ ಇನ್ನೂ ಹಾಗೇ ಇತ್ತು.

"ಉಸಿರು ತಗೊಳ್ಳೇ," ಎಂದಳು. "ಕಿವಿ ಎರಡೇ ಇರೋದು ನನಗೆ."

ಚಿಕ್ಕಮ್ಮನಿಗೆ ವಯಸ್ಸಾಗುತ್ತಿದೆ. ಮೊದಲೆಲ್ಲ ನನ್ನ ಮಾತು ಅವಳಿಗೆ ಹೀಗೆ ಜಾಸ್ತಿ ಅನ್ನಿಸುತ್ತಿರಲಿಲ್ಲ.